ಮನೆಯ ಅಡುಗೆ, ಮನೆಯ ಉಳಿತಾಯ

(ಶತಮಾನೋತ್ಸವದ ಅಂಗವಾಗಿ ಶಾಂತಿನಗರದಲ್ಲಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಭಾಷೆಯ ಕುರಿತು, ಗುರುಪರಂಪರೆಯ ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳನ್ನು ನಮಗಿಂತ ಬಲ್ಲವರು ಇಂದು ಆಗಲೇ ಆಡಿದ್ದಾರೆ. ನಾವು ಆರಿಸಿಕೊಂಡಿರುವುದು ಅಡುಗೆಮನೆಯ ವಿಷಯ. ಮಾಂಸವಿಲ್ಲದ ಅಡುಗೆಯನ್ನು ಮನೆಯಲ್ಲಿಯೇ ಮಾಡಿಕೊಂಡು ದಿನಸಿಯ ಖರ್ಚನ್ನು ಹೇಗೆ ತಗ್ಗಿಸಬಹುದು, ಹಾಗೆ ತಗ್ಗಿಸುವಾಗ ಯಾವುದನ್ನು ತಗ್ಗಿಸಬಾರದು ಎಂಬ ಎರಡು ಪ್ರಶ್ನೆಗಳನ್ನು ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಶಾಲೆಗೂ ಈ ವಿಷಯಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ತಾಯಂದಿರು ನಮ್ಮ ಕೋಣೆಗೆ ಬಂದು ಕೇಳುವ ಮಾತು ಒಂದೇ: "ಹುಡುಗಿ ಪಾಸಾಗ್ಯಾಳ್ರಿ, ಮುಂದ ಓದಸಾಕ ರೊಕ್ಕ ಎಲ್ಲಿಂದ ತರೂಣ?" ನಮ್ಮ ಗಡಿಭಾಗದ ಮಕ್ಕಳು ಕನ್ನಡದಲ್ಲಿ ಓದು ಮುಂದುವರಿಸಬೇಕೆಂದರೆ ರಾಯಚೂರಿಗೋ ಯಾದಗಿರಿಗೋ ಹೋಗಬೇಕು. ಬಸ್ಸಿನ ಖರ್ಚು, ವಸತಿಯ ಖರ್ಚು, ಪುಸ್ತಕದ ಖರ್ಚು ಇವೆಲ್ಲವೂ ಒಮ್ಮೆಗೇ ಎದುರಾಗುತ್ತವೆ. ಹೊಲದ ಕೂಲಿಯಾಗಲಿ, ಮಗ್ಗದ ಕೂಲಿಯಾಗಲಿ ನಮ್ಮ ಮಾತು ಕೇಳಿ ಏರುವುದಿಲ್ಲ. ನಮ್ಮ ಕೈಯಲ್ಲಿರುವುದು ಖರ್ಚಿನ ಕಡೆಯ ಹಿಡಿತ ಮಾತ್ರ. ಆ ಖರ್ಚಿನಲ್ಲಿ ದೊಡ್ಡ ಪಾಲು ಹೊಟ್ಟೆಯದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಮಾಂಸಾಹಾರವು ಕೀಳೆಂದು ನಾವು ಹೇಳುತ್ತಿಲ್ಲ. ಈ ಶಾಲೆಯಲ್ಲಿ ಎಲ್ಲ ಕೇರಿಗಳ, ಎಲ್ಲ ಮನೆಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಂಡಿದ್ದಾರೆ. ಯಾರ ತಟ್ಟೆಯಲ್ಲಿ ಏನಿರಬೇಕೆಂಬುದು ಆಯಾ ಮನೆಯವರ ಇಚ್ಛೆ. ನಾವು ಆಡುತ್ತಿರುವುದು ಕೇವಲ ಹಣದ ಮತ್ತು ಆರೋಗ್ಯದ ಲೆಕ್ಕದ ಮಾತು.

ಆ ಲೆಕ್ಕದಲ್ಲಿ ನಾವೇ ಒಮ್ಮೆ ತಪ್ಪಿದ್ದೇವೆ. ಅದನ್ನು ಮರೆಮಾಚದೆ ಹೇಳುವುದು ನಮ್ಮ ಕರ್ತವ್ಯ. ಕೆಲವು ವರ್ಷಗಳ ಹಿಂದೆ ಪಾಲಕರ ಸಭೆಯೊಂದರಲ್ಲಿ ನಾವು ಬಹಳ ಉತ್ಸಾಹದಿಂದ ಮಾತನಾಡಿದೆವು. "ಭಾನುವಾರದ ಮಟನ್ನಿನ ಹಣವನ್ನು ಉಳಿಸಿರಿ, ಅದೇ ನಿಮ್ಮ ಮಗಳ ಕಾಲೇಜಿನ ಫೀಸಾಗುತ್ತದೆ" ಎಂದೆವು. ಸಭೆ ಚಪ್ಪಾಳೆ ತಟ್ಟಿತು. ಮೂರು ತಿಂಗಳ ಅನಂತರ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ತಲೆಸುತ್ತಿ ಬಿದ್ದಳು. ರಕ್ತಹೀನತೆಯೆಂದು ವೈದ್ಯರು ಹೇಳಿದರು. ಸಂಜೆ ಅವಳ ಮನೆಗೆ ಹೋದೆವು. ತಾಯಿ ಗೂಡಿನಲ್ಲಿದ್ದ ಡಬ್ಬಿಯನ್ನು ತಂದು ತೋರಿಸಿದರು. ಅದರಲ್ಲಿ ಮಡಿಚಿಟ್ಟ ನೋಟುಗಳಿದ್ದವು. "ನೀವೇ ಹೇಳಿದ್ರೆಲ್ಲಾ ಟೀಚರಮ್ಮ, ಉಳಿಸ್ರಿ ಅಂತ. ಇದು ಆಕೀ ಕಾಲೇಜಿಗೆ" ಎಂದರು. ಮಾಂಸವನ್ನು ನಿಲ್ಲಿಸಿದ್ದರು, ಮೊಟ್ಟೆಯನ್ನೂ ನಿಲ್ಲಿಸಿದ್ದರು. ಅದರ ಜಾಗದಲ್ಲಿ ಏನು ಬಂದಿತ್ತು? ಬಿಳಿ ಅನ್ನ, ಖಾರದ ಪುಡಿ, ಉಪ್ಪಿನಕಾಯಿ ಮತ್ತು ಚಹ. ಮಗಳಿಗಾಗಿ ಉಳಿಸಿದ ಹಣವು ಮಗಳ ಮೈಯಿಂದಲೇ ಬಂದಿತ್ತು.

ತಾಯಿಯದು ತಪ್ಪಲ್ಲ. ಬಿಡಬೇಕಾದುದನ್ನು ಹೇಳಿ, ಅದರ ಬದಲಿಗೆ ತರಬೇಕಾದುದನ್ನು ಹೇಳದ ನಮ್ಮದು ತಪ್ಪು. ಅಂದು ಅರ್ಧಕ್ಕೇ ನಿಂತ ಆ ಭಾಷಣವನ್ನು ಇಂದು ಮುಗಿಸುತ್ತಿದ್ದೇವೆ ಎಂದು ತಾವು ಭಾವಿಸಬೇಕು.

ಬದಲಿಗೆ ಬರಬೇಕಾದುದು ಕಾಳು ಮತ್ತು ಸೊಪ್ಪು. ಎಷ್ಟು ಬರಬೇಕು ಎಂಬುದಕ್ಕೆ ನಮ್ಮ ಶಾಲೆಯಲ್ಲಿಯೇ ಒಂದು ಅಳತೆ ಇದೆ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಇಂದಿನ ಬಿಸಿಯೂಟದ ನಿಯಮದಂತೆ ಆರರಿಂದ ಎಂಟನೆಯ ತರಗತಿಯ ಮಗುವಿಗೆ ಒಂದು ಊಟಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಇರಬೇಕು. ಈ 30 ಗ್ರಾಂ ಎಂಬುದನ್ನು ನೆನಪಿನಲ್ಲಿಡಿರಿ. ಐದು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ ಹೊತ್ತಿಗೆ 30 ಗ್ರಾಂನಂತೆ ದಿನಕ್ಕೆ ಎರಡು ಹೊತ್ತು ಹಾಕಿದರೆ 300 ಗ್ರಾಂ ಆಯಿತು. ತಿಂಗಳಿಗೆ 9 ಕಿಲೋ. ಈಗ ತಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಳೆಕಾಳು ಬರುತ್ತದೆಂದು ಒಮ್ಮೆ ಯೋಚಿಸಿರಿ. ಎರಡು ಕಿಲೋ ಬರುತ್ತದೆಂದಾದರೆ ಒಬ್ಬರ ಪಾಲಿಗೆ ದಿನಕ್ಕೆ 13 ಗ್ರಾಂ ಮಾತ್ರ. ಅಷ್ಟರಲ್ಲಿ ಸಾರಿಗೆ ಬಣ್ಣ ಬರುತ್ತದೆ, ಮೈಗೆ ಬಲ ಬರುವುದಿಲ್ಲ.

ಈಗ ಹಣದ ಲೆಕ್ಕ. ಪೇಟೆಯ ಬೆಲೆ ವಾರವಾರಕ್ಕೆ ಬದಲಾಗುವುದರಿಂದ ಅನುಕೂಲಕ್ಕಾಗಿ ಕೆಲವು ಬೆಲೆಗಳನ್ನು ಹಿಡಿದುಕೊಳ್ಳೋಣ. ತಾವು ತಮ್ಮ ಊರಿನ ಬೆಲೆಯನ್ನು ಹಾಕಿ ತಿದ್ದಿಕೊಳ್ಳಬಹುದು. ಒಂದು ಮನೆಯವರು ನಾಲ್ಕು ಭಾನುವಾರವೂ ಕಿಲೋಗೆ 800 ರೂಪಾಯಿಯ ಮಟನ್ ತರುತ್ತಾರೆ, ಅದು 3,200. ಎರಡು ಕಿಲೋ ತೊಗರಿಬೇಳೆಗೆ 300. ಇಬ್ಬರು ಮಕ್ಕಳಿಗೆ ದಿನಕ್ಕೆ ಹತ್ತು ಹತ್ತು ರೂಪಾಯಿಯ ಕುರುಕಲು ಪೊಟ್ಟಣಕ್ಕೆ 600. ಒಟ್ಟು 4,100 ರೂಪಾಯಿ. ಇವರು ತಿಂಗಳಿಗೆ ಒಂದು ಭಾನುವಾರ ಮಾತ್ರ ಮಟನ್ ತಂದರೆ 800. ಬೇರೆ ಬೇರೆ ಕಾಳುಗಳನ್ನು ಸೇರಿಸಿ ಸರಾಸರಿ ಕಿಲೋಗೆ 120ರಂತೆ 9 ಕಿಲೋಗೆ 1,080. ಹೆಚ್ಚಿನ ಸೊಪ್ಪಿಗೆ 300. ಪೊಟ್ಟಣದ ಬದಲು ಹುರಿದ ಶೇಂಗಾ ಮತ್ತು ಬೆಲ್ಲಕ್ಕೆ 200. ಒಟ್ಟು 2,380. ಉಳಿದುದು 1,720 ರೂಪಾಯಿ. ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಮೇಲೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತು ಇಲ್ಲಿ ಸಲ್ಲುತ್ತದೆ.

ಆದರೆ ಇದೇ ಲೆಕ್ಕವನ್ನು ಮಟನ್ ಬದಲು ಕೋಳಿ ತರುವ ಮನೆಗೆ ಹಾಕಿ ನೋಡಿರಿ. ಕಿಲೋಗೆ 250 ರೂಪಾಯಿ ಎಂದುಕೊಂಡರೆ ಮೊದಲಿನ ಖರ್ಚು 1,900, ಅನಂತರದ ಖರ್ಚು 1,830. ಉಳಿದುದು ಕೇವಲ 70 ರೂಪಾಯಿ! ಅದೂ ಪೊಟ್ಟಣಗಳನ್ನು ಬಿಟ್ಟುದರಿಂದ ಉಳಿದುದು. ಆದುದರಿಂದ ಮಾಂಸವನ್ನು ಬಿಟ್ಟ ಮಾತ್ರಕ್ಕೆ ಎಲ್ಲರಿಗೂ ಹಣ ಉಳಿಯುತ್ತದೆಂದು ಹೇಳುವುದು ಸರಿಯಲ್ಲ. ಆ ಮನೆಯವರಿಗೆ ಹಣ ಉಳಿಯುವ ಜಾಗ ಬೇರೆ: ಪೇಟೆಯಿಂದ ಕಟ್ಟಿಸಿಕೊಂಡು ಬರುವ ಬಿರಿಯಾನಿ, ಹೋಟೆಲಿನ ಪೂರಿ, ತಂಪು ಪಾನೀಯದ ಬಾಟಲಿ. ಮನೆಯಲ್ಲಿ ಬೆಂದ ಅಡುಗೆಯಲ್ಲಿಯೇ ಉಳಿತಾಯವಿದೆ. ಇನ್ನು ಮೊಟ್ಟೆಯ ವಿಷಯ. ತಿನ್ನುವ ರೂಢಿಯಿರುವ ಮನೆಯವರು ದಯವಿಟ್ಟು ಮಕ್ಕಳ ಮೊಟ್ಟೆಯಲ್ಲಿ ಉಳಿತಾಯ ಮಾಡಬೇಡಿರಿ. ಅಷ್ಟು ಅಗ್ಗವಾಗಿ ಅಷ್ಟು ಒಳ್ಳೆಯ ಪೋಷಣೆ ಸಿಗುವ ಪದಾರ್ಥಗಳು ಕಡಿಮೆ.

ಕಾಳು ಮಾಂಸಕ್ಕೆ ಸಮವೇ ಎಂಬ ಪ್ರಶ್ನೆ ಬರುತ್ತದೆ. ಒಂದು ಕಿಲೋ ತೊಗರಿಬೇಳೆಯಲ್ಲಿ ಸುಮಾರು 220 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಇದೆ. ಎಲುಬು ತೆಗೆದ ಕುರಿಮಾಂಸದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮಾಂಸದ ಪ್ರೋಟೀನು ಪೂರ್ಣವಾದುದು, ಬೇಗ ಮೈಗೆ ಹತ್ತುವಂತಹುದು. ಬೇಳೆ ಒಂಟಿಯಾಗಿ ಆ ಕೆಲಸ ಮಾಡಲಾರದು. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಮಿಥಿಯೊನಿನ್ ಕಡಿಮೆ, ಧಾನ್ಯದಲ್ಲಿ ಅದು ಸಾಕಷ್ಟಿದೆ. ಇವೆರಡೂ ಒಂದೇ ತಟ್ಟೆಗೆ ಬಂದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯ ಜೊತೆಗೆ ಬೇಳೆ ಎಂದು ನಮ್ಮ ಹಿರಿಯರು ಹೇಳಿದುದು ರುಚಿಗಾಗಿ ಮಾತ್ರವಲ್ಲ.

ಈ ಮಾತಿಗೆ ನಮ್ಮ ರಾಜ್ಯದಲ್ಲಿಯೇ ಒಂದು ಪಾಠವಿದೆ. 1918ರಲ್ಲಿ ಕೂನೂರಿನಲ್ಲಿ ಪ್ರಾರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಸಂಶೋಧನಾಲಯವೇ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ. 1960ರ ಸುಮಾರಿಗೆ ಅಲ್ಲಿನ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರವನ್ನು ಗಮನಿಸಿದರು. ಬರೀ ಜೋಳವನ್ನೇ ನಂಬಿ ಬದುಕುತ್ತಿದ್ದ ಬಡವರಲ್ಲಿ ಪೆಲ್ಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಗುವ ಕುತ್ತಿಗೆ, ಕೈಗಳ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಮನಸ್ಸಿನ ಕಳವಳ ಇವು ಅದರ ಲಕ್ಷಣಗಳು. ನಿಯಾಸಿನ್ ಎಂಬ ಜೀವಸತ್ವದ ಕೊರತೆ ಅದಕ್ಕೆ ಮೂಲ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಅಂಶಕ್ಕೂ ಆ ರೋಗಕ್ಕೂ ಸಂಬಂಧವಿದೆಯೆಂದು ಅವರು ಪ್ರತಿಪಾದಿಸಿದರು. ಇದರಿಂದ ಜೋಳ ಕೆಟ್ಟದ್ದೆಂದು ತಿಳಿಯಬಾರದು. ಜೋಳ ಒಂಟಿಯಾಗಬಾರದು ಎಂದು ತಿಳಿಯಬೇಕು. ಶೇಂಗಾದಲ್ಲಿ ನಿಯಾಸಿನ್ ಹೇರಳವಾಗಿದೆ. ರೊಟ್ಟಿಯ ಪಕ್ಕದಲ್ಲಿ ಒಂದು ಚಮಚ ಶೇಂಗಾ ಹಿಂಡಿಯನ್ನು ಬಡಿಸುವ ನಮ್ಮ ಅಜ್ಜಿಯರಿಗೆ ಆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಬಡಿಸುವುದು ಮಾತ್ರ ಗೊತ್ತಿತ್ತು.

ನಮ್ಮ ಸೀಮೆಯ ಅಡುಗೆಯಲ್ಲಿ ಬಡತನವೆಲ್ಲಿದೆ? ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಝುಣಕ, ಮಡಕಿಕಾಳಿನ ಪಲ್ಯ, ಹೆಸರುಕಾಳಿನ ಉಸುಳಿ, ಎಣ್ಣೆಗಾಯಿ, ಗುರೆಳ್ಳಿನ ಪುಡಿ, ಅಗಸಿಯ ಪುಡಿ, ಮೆಂತ್ಯದ ಪಚಡಿ ಇವೆಲ್ಲ ನಮ್ಮವೇ. ಹುರುಳಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿದರೆ ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಕಾಳು ಪಲ್ಯವಾಗುತ್ತದೆ. ಒಂದೇ ಉರಿಯಲ್ಲಿ ಎರಡು ಅಡುಗೆ. ನೆನೆಸಿದ ಕಾಳು ಬೇಗ ಬೇಯುವುದರಿಂದ ಅನಿಲವೂ ಉಳಿಯುತ್ತದೆ. ಕಲಬುರಗಿ, ಬೀದರ್ ಕಡೆಯವರು ಎಳ್ಳಮಾವಾಸ್ಯೆಯಂದು ಹೊಲಕ್ಕೆ ಒಯ್ಯುವ ಭಜ್ಜಿಯನ್ನು ತಾವು ಬಲ್ಲಿರಿ. ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯ ಮೊದಲಾದ ಹಲವು ಕಾಳು ಸೊಪ್ಪುಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ಸಜ್ಜೆಯ ಕಡುಬಿನೊಂದಿಗೆ ಉಣ್ಣುತ್ತಾರೆ. ಹಬ್ಬದ ಅಡುಗೆ ಮಾಂಸವಿಲ್ಲದೆಯೂ ತುಂಬಿದ ಅಡುಗೆಯಾಗಬಲ್ಲದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬೀದರ್ ಗಡಿಗೆ ತಾಗಿರುವ ಜಹೀರಾಬಾದ್ ಬಳಿ ಪಸ್ತಾಪುರವೆಂಬ ಊರಿದೆ. ಅಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಅವರು ಮೈಸೂರಿನ ಕನ್ನಡಿಗರು; 2023ರಲ್ಲಿ ತೀರಿಕೊಂಡರು. ಅಲ್ಲಿನ ಬಡ ದಲಿತ ಮಹಿಳೆಯರು ಸಂಘ ಕಟ್ಟಿಕೊಂಡು ಬೀಳುಬಿದ್ದ ತುಂಡುಭೂಮಿಯಲ್ಲಿ ಜೋಳ, ತೊಗರಿ, ನವಣೆಗಳನ್ನು ಬೆರೆಸಿ ಬೆಳೆದರು. 1990ರ ದಶಕದಲ್ಲಿ ತಾವೇ ಬೆಳೆದ ಜೋಳವನ್ನು ತಮ್ಮ ಊರಿನ ಬಡವರಿಗೆ ಅಗ್ಗದ ಬೆಲೆಯಲ್ಲಿ ಹಂಚುವ ವ್ಯವಸ್ಥೆಯನ್ನೂ ನಡೆಸಿದರು. ಯಾರೂ ಬಿತ್ತದೆ ಬದುವಿನಲ್ಲಿ ತಾನೇ ಹುಟ್ಟುವ ಹತ್ತಾರು ಸೊಪ್ಪುಗಳು ಅವರ ನಿತ್ಯದ ಊಟದಲ್ಲಿವೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಆ ಸಂಸ್ಥೆಗೆ ಬಂದಿತು. ಆ ಸೊಪ್ಪುಗಳ ಪೈಕಿ ಎಷ್ಟೋ ನಮ್ಮ ಹೊಲದ ಬದುವಿನಲ್ಲಿಯೂ ಇವೆ. ಅವನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಮಕ್ಕಳು ಕಲಿತುಕೊಳ್ಳಬೇಕು. ಗುರುತಿಸಲು ಬಾರದ ಸೊಪ್ಪನ್ನು ಮಾತ್ರ ಕೀಳಬಾರದು.

ಇನ್ನು ಆಚರಣೆಗೆ ತರಬಹುದಾದ ಕೆಲವು ಮಾತುಗಳು. ತೊಗರಿಯ ರಾಶಿ ಮುಗಿಯುವ ಜನವರಿ, ಫೆಬ್ರವರಿಯ ವೇಳೆಗೆ ನಾಲ್ಕೈದು ಮನೆಯವರು ಕೂಡಿ ರೈತರಿಂದ ನೇರವಾಗಿ ತೊಗರಿಯನ್ನು ಕೊಂಡು, ಗಿರಣಿಯಲ್ಲಿ ಬೇಳೆ ಮಾಡಿಸಿಕೊಂಡು ಪಾಲು ಹಂಚಿಕೊಳ್ಳಬಹುದು. ಅಂಗಡಿಯ ಅರ್ಧ ಕಿಲೋ ಪೊಟ್ಟಣಕ್ಕಿಂತ ಅದು ಖಂಡಿತ ಅಗ್ಗ. ಚೆನ್ನಾಗಿ ಒಣಗಿಸಿ, ಬೇವಿನ ಎಲೆಯಿಟ್ಟು ಬಾಯಿ ಬಿಗಿದರೆ ಹುಳು ಬೀಳುವುದು ಕಡಿಮೆ. ಗೋರಿಕಾಯಿ, ಬದನೆಕಾಯಿಗಳು ಅಗ್ಗವಾದಾಗ ಹೆಚ್ಚಿ ಒಣಗಿಸಿಟ್ಟರೆ ಬೇಸಿಗೆಗೆ ಒದಗುತ್ತವೆ. ಹಿತ್ತಲಿನಲ್ಲಿ ಒಂದು ನುಗ್ಗೆಗಿಡ, ಒಂದು ಸಾಲು ಪುಂಡಿ ಇದ್ದರೆ ಸೊಪ್ಪಿಗೆ ಪೇಟೆಯ ಹಂಗಿಲ್ಲ.

ರಕ್ತದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮಾಂಸದಲ್ಲಿರುವ ಕಬ್ಬಿಣವು ಮೈಗೆ ಸುಲಭವಾಗಿ ಹತ್ತುತ್ತದೆ. ಕಾಳು ಸೊಪ್ಪುಗಳ ಕಬ್ಬಿಣ ಅಷ್ಟು ಸುಲಭವಾಗಿ ಹತ್ತದು. ಊಟದೊಂದಿಗೆ ನಿಂಬೆಹುಳಿ, ಟೊಮೆಟೊ, ನೆಲ್ಲಿಕಾಯಿ ಅಥವಾ ಮೊಳಕೆಕಾಳು ಇದ್ದರೆ ಅದು ಹೆಚ್ಚು ಹತ್ತುತ್ತದೆ. ಊಟದ ಹಿಂದುಮುಂದೆಯೇ ಚಹ ಕುಡಿದರೆ ಕಡಿಮೆಯಾಗುತ್ತದೆ. ಆದುದರಿಂದ ಊಟಕ್ಕೂ ಚಹಕ್ಕೂ ಒಂದು ತಾಸಿನ ಅಂತರವಿರಲಿ. ಬಿ-12 ಎಂಬ ಜೀವಸತ್ವವು ಕಾಳುಸೊಪ್ಪುಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆಗಳಲ್ಲಿ ಇದೆ. ಮಾಂಸವನ್ನು ಕಡಿಮೆ ಮಾಡುವ ಮನೆಯಲ್ಲಿ ಮೊಸರಿನ ಪಾತ್ರೆ ಬರಿದಾಗಬಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಾವೆಲ್ಲರೂ ದಿನವೂ ಕಣ್ಣಾರೆ ಕಾಣುತ್ತೇವೆ. ಮನೆಯಲ್ಲಿ ಕೊನೆಗೆ ಉಣ್ಣುವವಳು ತಾಯಿ. ಬೇಳೆಯ ಗಟ್ಟಿ ಗಂಡಸರಿಗೆ, ಮಕ್ಕಳಿಗೆ ಹೋಗುತ್ತದೆ. ತಿಳಿ ಅವಳಿಗೆ ಉಳಿಯುತ್ತದೆ. ಮನೆಯಲ್ಲಿ ಉಳಿತಾಯದ ಮಾತು ಬಂದಾಗ ಮೊದಲು ಕಿರಿದಾಗುವುದು ಅವಳ ತಟ್ಟೆ. ಇಲ್ಲಿ ಕುಳಿತಿರುವ ತಂದೆಯಂದಿರಲ್ಲಿ ನಮ್ಮದೊಂದು ವಿನಂತಿ: ವಾರಕ್ಕೊಮ್ಮೆಯಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ, ಪಾತ್ರೆಯ ತಳದಲ್ಲಿ ಏನು ಉಳಿದಿದೆಯೆಂದು ನೋಡಿರಿ. ಕಾಳು ನೆನೆಸುವುದು, ಸೊಪ್ಪು ಸೋಸುವುದು ಹೆಂಗಸರ ಕೆಲಸವೆಂದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಹೋಟೆಲಿನ ಪೊಟ್ಟಣ ಮನೆಗೆ ಬರುವುದು ಬಹುಮಟ್ಟಿಗೆ ದಣಿದ ತಾಯಿಗೆ ಸಹಾಯವಿಲ್ಲದ ದಿನ ಎಂಬುದನ್ನು ಮರೆಯಬಾರದು.

ಭಾಷೆಯ ಬಗ್ಗೆಯೂ ಒಂದೇ ಮಾತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ರಚನೆಯಾದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಬದಲಾದರೂ ಒಲೆಯ ಮೇಲಿನ ಅಡುಗೆ ಬದಲಾಗಲಿಲ್ಲ. ನಾವು ಪುಂಡಿ ಎನ್ನುವುದನ್ನು ನೆರೆಯವರು ಗೋಂಗೂರ ಎನ್ನುತ್ತಾರೆ; ಇಬ್ಬರ ಬಟ್ಟಲಿನಲ್ಲಿಯೂ ಅದೇ ಹುಳಿ. ಪುಂಡಿ, ಗುರೆಳ್ಳು, ಹಕ್ಕರಿಕಿ, ಮಡಕಿ ಎಂಬ ಮಾತುಗಳು ನಮ್ಮ ಮಕ್ಕಳ ಬಾಯಲ್ಲಿ ಉಳಿಯಬೇಕಾದರೆ ಆ ಪದಾರ್ಥಗಳು ಮೊದಲು ಅವರ ತಟ್ಟೆಯಲ್ಲಿ ಉಳಿಯಬೇಕು.

ಈ ವರ್ಷದಿಂದ ನಮ್ಮ ಎಂಟನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಗಣಿತದ ಚಟುವಟಿಕೆಯಾಗಿ ತನ್ನ ಮನೆಯ ಒಂದು ತಿಂಗಳ ದಿನಸಿಯ ಲೆಕ್ಕವನ್ನು ಕನ್ನಡದಲ್ಲಿ ಬರೆಯಬೇಕೆಂದು ನಾವು ನಿರ್ಧರಿಸಿದ್ದೇವೆ. ಅದರಲ್ಲಿ ಎರಡು ಅಂಕಣಗಳಿರುತ್ತವೆ. ಒಂದು, ಎಷ್ಟು ಉಳಿಯಿತು. ಇನ್ನೊಂದು, ತಲೆಗೆ ಎಷ್ಟು ಕಾಳು ಬಂದಿತು. ಎರಡನೆಯ ಅಂಕಣ ಕುಗ್ಗಿ ಮೊದಲನೆಯದು ಹಿಗ್ಗಿದರೆ ಅದನ್ನು ನಾವು ಉಳಿತಾಯವೆಂದು ಒಪ್ಪುವುದಿಲ್ಲ, ಸಾಲವೆಂದೇ ಬರೆಸುತ್ತೇವೆ. ಮೈಯಿಂದ ತೆಗೆದ ಸಾಲವನ್ನು ಆಸ್ಪತ್ರೆಯಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಮಕ್ಕಳು ಬರೆದ ಲೆಕ್ಕವು ಅವರವರ ಮನೆಗೇ ಹಿಂತಿರುಗುತ್ತದೆ. ಅದನ್ನು ತರಗತಿಯಲ್ಲಿ ಓದಿ ಹೇಳುವುದಿಲ್ಲ, ಒಬ್ಬರದನ್ನು ಇನ್ನೊಬ್ಬರದಕ್ಕೆ ಹೋಲಿಸುವುದಿಲ್ಲ.

ಹಳೆಗನ್ನಡದಲ್ಲಿ 'ಜೋಳವಾಳಿ' ಎಂಬ ಮಾತಿದೆ. ಉಂಡ ಅನ್ನದ ಋಣವನ್ನು ತೀರಿಸುವ ನಿಷ್ಠೆ ಎಂಬುದು ಅದರ ಅರ್ಥ. ಋಣಕ್ಕೆ ನಮ್ಮ ಹಿರಿಯರು ಇಟ್ಟ ಹೆಸರಿನಲ್ಲಿಯೂ ಜೋಳವೇ ಇದೆ. ಹಳೆಯ ವಿದ್ಯಾರ್ಥಿಗಳು ಈ ಶಾಲೆಗೆ ಏನು ಕೊಡಬೇಕೆಂದು ಬೆಳಗಿನಿಂದ ಕೇಳುತ್ತಿದ್ದಾರೆ. ಗೋಡೆಗೆ ಬಣ್ಣ ಬೇಕು, ಬೆಂಚುಗಳೂ ಬೇಕು. ಅವುಗಳ ಜೊತೆಗೆ ಶಾಲೆಯ ಹಿಂದಿನ ಜಾಗಕ್ಕೆ ಒಂದು ಬೇಲಿ ಹಾಗೂ ನೀರಿನ ಒಂದು ನಳವನ್ನು ಹಾಕಿಸಿಕೊಟ್ಟರೆ ಅಲ್ಲಿ ಪುಂಡಿ, ನುಗ್ಗೆ, ಮೆಂತ್ಯ ಬೆಳೆದು ಬಿಸಿಯೂಟದ ಸಾರಿಗೆ ಸೇರುತ್ತವೆ.

ಆ ಡಬ್ಬಿಯ ತಾಯಿಯ ಮಗಳು ಈಗ ರಾಯಚೂರಿನಲ್ಲಿ ಓದುತ್ತಿದ್ದಾಳೆ. ಡಬ್ಬಿಯಲ್ಲಿ ಮೊದಲಿನಷ್ಟು ಬೇಗ ಹಣ ಕೂಡುತ್ತಿಲ್ಲವೆಂದು ತಾಯಿ ಹೇಳುತ್ತಾರೆ. ಬೇಳೆಗೆ, ಮೊಸರಿಗೆ, ಮೊಟ್ಟೆಗೆ ಒಂದಷ್ಟು ಹೋಗುತ್ತದೆ. ಹೋಗಲಿ. ಓದುವ ಮಗಳು ಗಟ್ಟಿಯಾಗಿರಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ. ಊಟವನ್ನೂ ಲೆಕ್ಕವನ್ನೂ ಬಲ್ಲ ಮನೆಯಲ್ಲಿ ಮಕ್ಕಳ ಓದು ನಡುದಾರಿಯಲ್ಲಿ ನಿಲ್ಲದಿರಲಿ ಎಂದು ಹಾರೈಸುತ್ತೇವೆ.